ಬಾಯಿ ಹೊಲಿಯದ ಚೀಲ

ಜನವರಿ 28

ಹಿರಾಮತ್ಸು ಮೇಡಂ ಹೇಳಿದರೆಂದು ಈ ಪುಸ್ತಕ ಶುರು ಮಾಡುತ್ತಿದ್ದೇನೆ. ವರ್ತಕರ ಸಂಘದ ಕಟ್ಟಡದಲ್ಲಿ ತಿಂಗಳಿಗೆ ಒಂದು ದಿನ ಕೂತು, ಮನೆಯಿಂದಲೇ ವ್ಯಾಪಾರ ಮಾಡುವವರಿಗೆ ಅವರು ಪುಕ್ಕಟೆ ಸಲಹೆ ಕೊಡುತ್ತಾರೆ. ರಿತ್ಸುವನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದೆ. ಇನ್ನೂ ವರ್ಷ ತುಂಬದ ಕೂಸು, ಹಲ್ಲು ಬರುತ್ತಿದೆ. ಸಲಹೆಯ ಅರ್ಧ ಅವನ ಅಳುವಿನಲ್ಲಿ ಕೊಚ್ಚಿಹೋಯಿತು.

ನಾನು ತಯಾರಾಗಿಯೇ ಹೋಗಿದ್ದೆ. ನಮ್ಮೂರು ಕೊಜಿಮಾದ ಗಿರಣಿಗಳಿಂದ ಒಳ್ಳೆಯ ಕ್ಯಾನ್ವಾಸು ತರುತ್ತೇನೆ, ಶಿಶುವಿಹಾರಕ್ಕೆ ಸೇರುವ ಮಕ್ಕಳಿಗೆ ಪುಸ್ತಕದ ಚೀಲ, ಚಪ್ಪಲಿಯ ಚೀಲ, ಲೋಟದ ಚೀಲ ಹೊಲಿದು ಮಾರುತ್ತೇನೆ, ಅಂತರ್ಜಾಲದಲ್ಲಿ ನನ್ನದೇ ಪುಟವಿದೆ, ಎಲ್ಲ ಚೆನ್ನಾಗಿ ನಡೆಯುತ್ತಿದೆ ಎಂದೆಲ್ಲ ಹೇಳಿದೆ. ಈ ವರ್ಷ ಬೇಡಿಕೆ ಸ್ವಲ್ಪ ಇಳಿದಿದೆ ಅಷ್ಟೆ ಎಂದೆ.

ಮೇಡಂ ಹಾಳೆ, ಪೆನ್ನು ಏನೂ ತೆಗೆಯಲಿಲ್ಲ. ಚಹಾ ಕುಡಿಯುತ್ತಾ ಕೇಳಿದರು: "ನೀವು ಮಾಡೋ ಕೆಲಸ ಏನು? ಪಕ್ಕದ ಮನೆಯವರಿಗೆ ಹೇಳೋ ಹಾಗೆ ಒಂದೇ ಮಾತಲ್ಲಿ ಹೇಳಿ."

"ಮಕ್ಕಳಿಗೆ ಗಟ್ಟಿಮುಟ್ಟಾದ, ಅಂದವಾದ ಚೀಲ ಹೊಲಿಯೋದು."

"ಅದು ಚೀಲದ ವಿಷಯ ಆಯ್ತು. ಕೆಲಸದ ವಿಷಯ ಹೇಳಿ."

ಕಾಲೇಜಿನಲ್ಲಿ ವಾಣಿಜ್ಯ ಓದಿದವಳು ನಾನು. ಆದರೂ ಚೀಲದ ಮಾತನ್ನೇ ಬೇರೆ ಥರ ಹೇಳಿದೆ. ಮೇಡಂ ಒತ್ತಾಯ ಮಾಡಲಿಲ್ಲ. ಆದ ಸಂಗತಿಗಳನ್ನು ಬರೆದಿಡಿ, ಯಾರಿಗೂ ತೋರಿಸಬೇಡಿ, ನನಗೂ ಬೇಡ, ಬೇರೆಯವರು ಓದುತ್ತಾರೆಂದರೆ ನಾವೆಲ್ಲ ಸುಳ್ಳು ಬರೆಯುತ್ತೇವೆ ಎಂದರು. ಮಾರ್ಚಿನಲ್ಲಿ ಬಂದಾಗ ಇದೇ ಪ್ರಶ್ನೆ ಕೇಳುತ್ತಾರಂತೆ.

ಹಾಗಾದರೆ ಮೊದಲ ನಿಜ: ನಿನ್ನೆ ರಾತ್ರಿ ನಿದ್ದೆ ಮಾಡಲಿಲ್ಲ. ಮೊನ್ನೆಯೂ ಇಲ್ಲ. ಕೂಸು ಏಳುತ್ತದೆ ಎಂಬುದು ನೆಪ. ಅದು ಮಲಗಿದ ಮೇಲೂ ನಾನು ಕಣ್ಣುಬಿಟ್ಟುಕೊಂಡು ಬಿದ್ದಿರುತ್ತೇನೆ.

ಜನವರಿ 31

ಕುನಿತೊಮಿಯವರ ಫೋನು ಬಂತು. ಮದುವೆಗೆ ಮೊದಲಿನಿಂದಲೂ ನಾನಿದ್ದ ಸಮವಸ್ತ್ರ ಕಂಪನಿಯಲ್ಲಿ ಅವರು ನನ್ನ ಮೇಲಧಿಕಾರಿಯಾಗಿದ್ದರು. ಏಪ್ರಿಲಿನಿಂದ ಒಂದು ಜಾಗ ಖಾಲಿಯಿದೆ, ವಾರಕ್ಕೆ ನಾಲ್ಕು ದಿನ ಬಂದರೆ ಸಾಕು, ಕಂಪನಿಯ ಕೂಸಿನ ಮನೆಯಲ್ಲಿ ರಿತ್ಸುವಿಗೂ ಜಾಗ ಸಿಗುತ್ತದೆ ಎಂದರು. ಮಾರ್ಚ್ 20ರ ಸುಮಾರಿಗೆ ಬರುವ ವಸಂತದ ವಿಷುವದ ಹಬ್ಬದೊಳಗೆ ಹೂಂ ಅಥವಾ ಉಹೂಂ ಹೇಳಬೇಕು.

ಯಾಸುಹಿರೊಗೆ ಹೇಳಿದೆ. ಚಪ್ಪಲಿ ಬಿಡುತ್ತಾ, "ನಿನ್ನಿಷ್ಟ" ಎಂದ. ಗಂಡಂದಿರು ಹೆಂಡತಿಯ ತಲೆಯ ಮೇಲೆ ಹೊರಿಸುವ ಅತಿ ಭಾರದ ಮೂಟೆ ಇದೇ ಇರಬೇಕು.

ಹೂಂ ಅಂದರೆ, ಇಷ್ಟು ದಿನ ಮಾಡಿದ್ದು ಮನೆಯಲ್ಲಿ ಕೂತವಳ ಹವ್ಯಾಸ ಎಂದು ನಾನೇ ಒಪ್ಪಿದ ಹಾಗೆ. ಉಹೂಂ ಅಂದರೆ, ಇದು ವ್ಯಾಪಾರ ಎಂದು ಸಾಧಿಸಬೇಕು. ಈ ಚಳಿಗಾಲ ಅದನ್ನು ತೀರ್ಮಾನಿಸುತ್ತದೆ.

ಫೆಬ್ರವರಿ 4

ನಿನ್ನೆ ದೆವ್ವ ಓಡಿಸಲು ಎರಚಿದ ಹುರಿದ ಸೋಯಾ ಕಾಳು ಇವತ್ತೂ ಹೊಲಿಗೆ ಮಷೀನಿನ ಕೆಳಗೆ ಸಿಗುತ್ತಿದೆ. ಮಗಳು ಕೊಹಾರು ಅದನ್ನೆಲ್ಲ ಹೆಕ್ಕಿ ಹೆಕ್ಕಿ ತಮ್ಮನ ಕೈಗೆ ಕೊಡುತ್ತಾಳೆ. ನಾನು ಅವನ ಬಾಯಿಂದ ತೆಗೆಯುತ್ತೇನೆ.

ಮಧ್ಯಾಹ್ನ ಅತ್ತೆ ಬಂದರು. ಪಕ್ಕದ ಬೀದಿಯಲ್ಲೇ ಅವರ ಮನೆ. ಕೊಹಾರು ಈ ಏಪ್ರಿಲಿನಲ್ಲಿ ಶಿಶುವಿಹಾರಕ್ಕೆ ಸೇರುತ್ತಾಳಲ್ಲ, ಅದಕ್ಕೆಂದು ಯಾಸುಹಿರೊನ ಹಳೆಯ ಚೀಲ ಹುಡುಕಿ ತಂದಿದ್ದಾರೆ. ಕಡುನೀಲಿ ಕ್ಯಾನ್ವಾಸು, ಮೇಲೆ ಕೆಂಪು ಬಟ್ಟೆಯ ರೈಲು.

"ಮೂರು ವರ್ಷ ಹೊತ್ತ ಇದನ್ನ. ಎಳೆದಾಡಿದ, ಕೊಡೆ ಮಾಡ್ಕೊಂಡ, ಏಡಿ ಹಿಡಿಯೋಕೂ ಒಯ್ದ. ಒಂದು ಹೊಲಿಗೆ ಬಿಟ್ಟಿದೆಯಾ ನೋಡು ನಾಗಿಸಾ."

ಬಿಟ್ಟಿರಲಿಲ್ಲ. ಅಕ್ಕಿ ಅಂಗಡಿ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಮಾವ, ಇವೆಲ್ಲದರ ನಡುವೆ ಈ ಹೆಂಗಸು ಇಂಥ ಚೀಲ ಹೊಲಿದಿದ್ದಾರೆ. 'ಅಮ್ಮ ಹೊಲಿದ ಚೀಲ' ಎಂದು ಯಾಸುಹಿರೊ ಮದುವೆಗೆ ಮೊದಲೇ ನನಗೆ ಹೇಳಿದ್ದ. ಅತ್ತೆ ಕೊಹಾರುವಿನ ಚೀಲ ಎಲ್ಲಿ ಎಂದು ಕೇಳಿದರು. ಇನ್ನೂ ಬಟ್ಟೆ ಕತ್ತರಿಸಿಲ್ಲ ಎಂದೆ. ನೀಲಿ ಚೀಲವನ್ನು ಬಾಗಿಲ ಹಿಡಿಗೆ ತೂಗುಹಾಕಿ ಹೋದರು.

ಅದು ಅಲ್ಲಿಂದ ನನ್ನನ್ನೇ ನೋಡುತ್ತಿದೆ. ಇವತ್ತು ಮುಗಿಸಿದ್ದ ಚೀಲಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಅರ್ಧದಷ್ಟು ಬಿಚ್ಚಿದೆ. ಇನ್ನು ಮೇಲೆ ಎಲ್ಲಕ್ಕೂ ಲೈನಿಂಗು, ಎಲ್ಲ ಅಂಚಿಗೂ ಎರಡು ಹೊಲಿಗೆ.

ಫೆಬ್ರವರಿ 9

ಪ್ರಾಮಾಣಿಕವಾಗಿ ಅಳೆದುಕೊಳ್ಳೋಣವೆಂದು ಗಿರಾಕಿಗಳು ಬರೆದ ಅಭಿಪ್ರಾಯಗಳನ್ನೆಲ್ಲ ತೆಗೆದು ಓದಿದೆ. ಮನಸ್ಸು ಹಗುರವಾಯಿತು. ಎಲ್ಲರೂ ಹೊಗಳಿದ್ದಾರೆ. 'ತುಂಬಾ ಸುಂದರವಾಗಿದೆ. ನಮ್ಮಂಥವರಿಗೆ ಇದು ಜಾಸ್ತಿಯಾಯಿತು' ಎಂದು ಎಷ್ಟೋ ಜನ ಬರೆದಿದ್ದಾರೆ. ಹಾಗಾದರೆ ತಪ್ಪು ನನ್ನ ಕೈಯಲ್ಲಿಲ್ಲ. ಜನರಿಗೆ ನನ್ನ ಪುಟ ಕಾಣಿಸುತ್ತಿಲ್ಲ, ಅಷ್ಟೆ. ಫೋಟೋ ಇನ್ನೂ ಚೆನ್ನಾಗಿ ತೆಗೆಯಬೇಕು.

ಫೆಬ್ರವರಿ 13

ಬರೆದೇ ಬಿಡುತ್ತೇನೆ.

ಇವಾಟಾನಿ ಎಂಬ ಗಿರಾಕಿ ಚೀಲ ವಾಪಸ್ ತಂದಳು. ಬಂದರಿನ ಹತ್ತಿರ ತಿನ್ನುವ ಕಡಲಪಾಚಿಯ ಹಾಳೆ ಕಟ್ಟುವ ಘಟಕದಲ್ಲಿ ಕೆಲಸ, ನನ್ನದೇ ವಯಸ್ಸು, ಮಗ ಕೊಹಾರು ಹೋಗಲಿರುವ ಶಿಶುವಿಹಾರಕ್ಕೇ ಸೇರುತ್ತಾನೆ. ಕೈಯಲ್ಲಿ ಕಡಲಪಾಚಿಯ ದೊಡ್ಡ ಡಬ್ಬ. ಡಬ್ಬ ನೋಡಿದಾಗಲೇ ಗೊತ್ತಾಯಿತು, ಕ್ಷಮೆ ಕೇಳಲು ಬಂದಿದ್ದಾಳೆ. ಇಷ್ಟು ದೊಡ್ಡ ಡಬ್ಬವೆಂದರೆ ದೊಡ್ಡದೇ ವಿಷಯ.

ಬಾಗಿಲಲ್ಲೇ ಮತ್ತೆ ಮತ್ತೆ ಬಗ್ಗಿದಳು. ಚೀಲದಲ್ಲಿ ಕುಂದಿಲ್ಲ, ಕುಂದಿಲ್ಲದ್ದೇ ತೊಂದರೆ ಎಂದಳು. ಶಿಶುವಿಹಾರದವರು 'ತಾಯಿಯ ಕೈಯಲ್ಲಿ ಹೊಲಿದದ್ದು ಇದ್ದರೆ ಮಗುವಿಗೆ ಧೈರ್ಯ' ಎಂದು ಸೂಚನೆಯಲ್ಲಿ ಬರೆದಿದ್ದಾರೆ. ಅವಳು ತಾನೇ ಹೊಲಿದೆನೆಂದು ಮನೆಯಲ್ಲಿ ಹೇಳಿದ್ದಾಳೆ. ಅವಳ ಅತ್ತೆ ಚೀಲವನ್ನು ಹೀಗೆ ತಿರುಗಿಸಿ, ಹಾಗೆ ತಿರುಗಿಸಿ, "ಎಲ್ಲಿಂದ ತಂದೆ?" ಎಂದು ಕೇಳಿಬಿಟ್ಟರಂತೆ.

ಆಮೇಲೆ ನೆಲ ನೋಡುತ್ತಾ ಕೇಳಿದಳು: "ಮಿಯಾಕೆ ಅವರೇ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಕೆಟ್ಟದಾಗಿ ಹೊಲಿದುಕೊಡೋಕೆ ಆಗುತ್ತಾ?"

ನಾನು ನಕ್ಕು, ಆಗಲಿ ನೋಡೋಣ ಎಂದೆ. ಬಾಗಿಲು ಹಾಕಿದ ಮೇಲೆ ಡಬ್ಬವನ್ನು ಅಡುಗೆಮನೆಯ ಮೂಲೆಗೆ ತಳ್ಳಿದೆ. ಕೆಟ್ಟದಾಗಿ! ಬಿಚ್ಚಿ ಬಿಚ್ಚಿ ಹೊಲಿಯುವುದಕ್ಕೆ ಕಣ್ಣು ಹಾಳು ಮಾಡಿಕೊಂಡವಳಿಗೆ!

ಫೆಬ್ರವರಿ 14

ಕೋಪ ಇಳಿದಿಲ್ಲ. ಪ್ರೇಮಿಗಳ ದಿನವೆಂದು ಯಾಸುಹಿರೊಗೆ ಚಾಕಲೇಟು ಕೊಟ್ಟೆ. ಅಂಗಡಿಯದು.

ಫೆಬ್ರವರಿ 17

ಪ್ರಯತ್ನಿಸಿದೆ. ಆಗುವುದಿಲ್ಲ.

ಬಟ್ಟೆ ಓರೆಯಾಗಿ ಹಿಡಿದೆ, ಗೆರೆ ಹಾಕದೆ ಹೊಲಿದೆ, ಕಿಟಕಿಯ ಕಡೆ ನೋಡುತ್ತಾ ಹೊಲಿದೆ. ಸೊಟ್ಟ ಹೊಲಿಗೆಯೂ ಅಚ್ಚುಕಟ್ಟಾಗಿಯೇ ಸೊಟ್ಟಗಾಗುತ್ತದೆ. ಊಟಕ್ಕೆ ಬಂದ ಯಾಸುಹಿರೊ ಅದನ್ನೆತ್ತಿ ನೋಡಿದ. "ಕುಡೀದೇ ಇರೋನು ಕುಡಿದವನ ಪಾರ್ಟು ಮಾಡೋ ಹಾಗಿದೆ" ಎಂದ. ಎಷ್ಟೋ ದಿನದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕೆವು.

ನಗು ನಿಂತ ಮೇಲೆ ಒಂದು ಯೋಚನೆ ಬಂತು. 'ನಮ್ಮಂಥವರಿಗೆ ಇದು ಜಾಸ್ತಿಯಾಯಿತು' ಎಂದು ಬರೆದವರ ಹೆಸರುಗಳನ್ನು ಮತ್ತೆ ನೋಡಿದೆ. ಅವರಲ್ಲಿ ಒಬ್ಬರೂ ಎರಡನೇ ಮಗುವಿಗೆ ನನ್ನ ಹತ್ತಿರ ಬಂದಿಲ್ಲ. ತಂಗಿಯನ್ನೋ ಗೆಳತಿಯನ್ನೋ ಕಳಿಸಿಲ್ಲ. ಈ ದೇಶದಲ್ಲೇ ಹುಟ್ಟಿ ಬೆಳೆದವಳು ನಾನು. ಯಾರಾದರೂ ಕೊಟ್ಟ ಕಿಮೊನೊ ಬೇಡವಾದಾಗ, ನೋಡಿದ ಗಂಡು ಬೇಡವಾದಾಗ, ನಾನೂ ಇದೇ ಮಾತು ಹೇಳಿದ್ದೇನೆ. ನನಗೇ ಯಾರೋ ಹೇಳಿದಾಗ ಹೊಗಳಿಕೆ ಎಂದು ಎತ್ತಿಟ್ಟುಕೊಂಡೆ.

ಜನರಿಗೆ ಪುಟ ಕಾಣಿಸುತ್ತಿತ್ತು. ನನಗೆ ಜನ ಕಾಣಿಸಲಿಲ್ಲ.

ಫೆಬ್ರವರಿ 20

ಇವಾಟಾನಿಗೆ ಫೋನು ಮಾಡಿ, ಕೆಟ್ಟದಾಗಿ ಹೊಲಿಯಲು ನನಗೆ ಬರುವುದಿಲ್ಲ, ನೀವೇ ಬನ್ನಿ ಎಂದಿದ್ದೆ. ಕೆಲಸ ಮುಗಿಸಿ ಬಂದಳು. ಮೈಯಿಂದ ಹುರಿದ ಕಡಲಪಾಚಿಯ ವಾಸನೆ ಬರುತ್ತಿತ್ತು. ಅವಳು ನಾಚಿಕೊಂಡಳು. ನನಗೋ ಹಸಿವಾಯಿತು.

ಅವಳು ವಾಪಸ್ ತಂದ ಚೀಲದ ಬಾಯಿಯನ್ನು ಬಿಚ್ಚಿಟ್ಟಿದ್ದೆ. ಬದಿ, ತಳ, ಲೈನಿಂಗು ಎಲ್ಲ ಹಾಗೇ ಇತ್ತು. ಬಾಯಿಯ ಸುತ್ತ ಮೇಲಿನಿಂದ ಹಾಕುವ ಹೊಲಿಗೆ ಮಾತ್ರ ಬಾಕಿ. ಎರಡೂ ಹಿಡಿಗಳು ಅದರಲ್ಲೇ ಕೂರಬೇಕು, ನೋಡುವವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಮಷೀನಿನ ಮುಂದೆ ಕೂರಿಸಿ, ಇದನ್ನು ನೀವೇ ಹಾಕಿ ಎಂದೆ.

ಶಾಲೆಯಲ್ಲಿ ಒಮ್ಮೆ ಬೆರಳು ಹೊಲಿದುಕೊಂಡ ಮೇಲೆ ಮಷೀನು ಮುಟ್ಟಿಲ್ಲವಂತೆ. ಕಾಲು ಒತ್ತಿದರೆ ಹಾರಿಹೋಗುವ ವೇಗ, ಬಿಟ್ಟರೆ ಕಲ್ಲು. ಸೂಜಿ ಹಿಡಿಯ ಹತ್ತಿರ ಬಂದಾಗ ಉಸಿರು ಬಿಗಿಹಿಡಿದಳು. ಹೊಲಿಗೆ ಹೊರಟ ಜಾಗಕ್ಕೆ ಬಂದು ಸೇರಲಿಲ್ಲ, ಪಕ್ಕದಲ್ಲಿ ಹಾದುಹೋಯಿತು. ಕೊಕ್ಕೆಯ ಕಡೆ ನನ್ನ ಕೈ ತಾನಾಗಿಯೇ ಹೋಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

"ಬಿಚ್ಚಿ ಮತ್ತೆ ಹಾಕ್ಲಾ?"

"ನಿಮಗೆ ಬಿಚ್ಚಬೇಕು ಅನ್ಸುತ್ತಾ?"

ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಾಯಿಯ ಸುತ್ತ ಬೆರಳಾಡಿಸಿದಳು. "ಬೇಡ. ಇದು ನಂದೇ ಕೈ. ನೋಡಿದ್ರೆ ಗೊತ್ತಾಗುತ್ತೆ, ಅಲ್ವಾ?"

ಗೊತ್ತಾಗುತ್ತಿತ್ತು, ಬೀದಿಯಾಚೆಯಿಂದಲೂ. ಆಮೇಲೆ ಕಡಲಪಾಚಿಯ ಡಬ್ಬ ತೆಗೆದೆ. ಇಬ್ಬರೂ ಅನ್ನದುಂಡೆಗೆ ಸುತ್ತಿಕೊಂಡು ತಿಂದೆವು. ತಮ್ಮಲ್ಲಿ ಹರಿದ ಹಾಳೆಗಳನ್ನು ಬೇರೆ ಕಟ್ಟುತ್ತಾರೆ, ರುಚಿ ಒಂದೇ, ಆದರೆ ಉಡುಗೊರೆಗೆ ಯಾರೂ ಒಯ್ಯುವುದಿಲ್ಲ, ಮನೆಗೆ ಮಾತ್ರ ಎಂದಳು. ಇನ್ನು ಮೇಲೆ ನಿಮಗೆ ಹರಿದದ್ದೇ ತರುತ್ತೇನೆ ಎಂದೂ ಹೇಳಿದಳು. ಯಾಕೋ ಅದು ಬಹಳ ದೊಡ್ಡ ಮರ್ಯಾದೆ ಅನ್ನಿಸಿತು.

ಫೆಬ್ರವರಿ 26

ಇವಾಟಾನಿ ಯಾರಿಗೋ ಹೇಳಿದಳು, ಅವರು ಇನ್ಯಾರಿಗೋ. ಈಗ ಎಲ್ಲರಿಗೂ ಬಾಯಿ ಹೊಲಿಯದ ಚೀಲವೇ ಬೇಕು.

ಇವತ್ತು ಬಂದವಳು ಆಸ್ಪತ್ರೆಯ ದಾದಿ. ಗಾಯಕ್ಕೆ ಹೊಲಿಗೆ ಹಾಕುವುದನ್ನು ದಿನಾ ನೋಡುತ್ತಾಳೆ, ಬಟ್ಟೆಗೆ ಹಾಕಲು ಹೆದರುತ್ತಾಳೆ. ಅವಳ ಹಿಂದೆಯೇ ಒಬ್ಬ ತಂದೆ ಬಂದ. ಹೆಂಡತಿ ಒಸಾಕಾದಲ್ಲಿ ಕೆಲಸಕ್ಕಿದ್ದಾಳೆ, ಸೂಚನೆಯಲ್ಲಿ 'ತಾಯಿಯ ಕೈ' ಎಂದಿದೆಯಲ್ಲ, ನಾನು ಹೊಲಿದರೆ ನಡೆಯುತ್ತದೆಯೇ ಎಂದು ತಲೆ ಕೆರೆದುಕೊಂಡು ಕೇಳಿದ. ಹೊಲಿಗೆಗೆ ಮೀಸೆ ಬರುವುದಿಲ್ಲ ಎಂದಳು ದಾದಿ. ಅವನು ಲಾರಿ ಓಡಿಸುವವನಂತೆ, ಮಷೀನಿನ ಕಾಲೊತ್ತು ಅವನಷ್ಟು ನಯವಾಗಿ ಯಾರೂ ತುಳಿದಿಲ್ಲ. ಹೊಲಿಗೆ ನೇರವಾಗಿ ಬಂತು. ನೇರ ಬಂದದ್ದಕ್ಕೇ ಅವನಿಗೆ ಬೇಜಾರು, ಅಂಗಡಿಯದು ಅನ್ನುತ್ತಾರೆಂದು. ಮಗಳ ಹೆಸರಿನ ಬಟ್ಟೆಪಟ್ಟಿಯನ್ನು ಕೈಯಿಂದಲೇ ಹೊಲಿಯಿರಿ ಎಂದೆ. ಅದು ಬೇಕಾದಷ್ಟು ಸೊಟ್ಟಗಾಯಿತು. ಖುಷಿಯಾಗಿ ಹೋದ.

ಇದೆಲ್ಲದರ ನಡುವೆ ರಿತ್ಸು ಬಟ್ಟೆಯ ಚೂರುಗಳ ಬುಟ್ಟಿಯೊಳಗೇ ಮಲಗಿಬಿಟ್ಟಿದ್ದ.

ಮಾರ್ಚ್ 3

ಹೆಣ್ಣುಮಕ್ಕಳ ಹಬ್ಬ. ಗೊಂಬೆ ಮೆಟ್ಟಿಲು ಇಡಲು ಜಾಗವಿಲ್ಲ, ಕಪಾಟಿನ ಮೇಲೆ ರಾಜ ರಾಣಿ ಇಬ್ಬರನ್ನೇ ಕೂರಿಸಿದ್ದೇನೆ. ಅತ್ತೆ ಹುಳಿ ಅನ್ನ ಕಲಸಿ ತಂದರು. ಅವರು ಬಂದಾಗ ದಾದಿಯ ಗೆಳತಿಯೊಬ್ಬಳು ಮಷೀನಿನ ಮುಂದೆ ಬೆವರುತ್ತಿದ್ದಳು.

ಅವಳು ಹೋದ ಮೇಲೆ ಅತ್ತೆ, "ದುಡ್ಡೂ ಕೊಟ್ಟು ಹೊಲಿಗೇನೂ ಅವರೇ ಹಾಕ್ತಾರಾ? ನಮ್ಮ ಅಕ್ಕಿ ಅಂಗಡೀಲಿ ನಮಗಿದು ಹೊಳೀಲೇ ಇಲ್ವಲ್ಲ, ಅಕ್ಕಿ ನೀವೇ ಬೆಳ್ಕೊಂಡು ಬನ್ನಿ ಅನ್ಬೋದಿತ್ತು" ಎಂದರು. ನಾನು ನಗುತ್ತಾ ವಿವರಿಸಿದೆ: ಕೊನೆಯ ಹೊಲಿಗೆಯಷ್ಟೇ ಅವರದು, ಆಗ ಚೀಲವೂ ಅವರದಾಗುತ್ತದೆ.

ಅತ್ತೆ ಅನ್ನದ ಪೆಟ್ಟಿಗೆಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. ಬೇಗ ಹೊರಟುಹೋದರು. ನನ್ನ ಮಾತು ಏನಾದರೂ ಚುಚ್ಚಿತೇ?

ಮಾರ್ಚ್ 12

ಕೊಹಾರುವಿನ ಚೀಲಕ್ಕೆ ಕೊನೆಗೂ ಬಟ್ಟೆ ತೆಗೆದೆ, ಸಾಸಿವೆ ಹೂವಿನ ಹಳದಿ. ಹಿಡಿಯ ಉದ್ದ ನೋಡಲೆಂದು ಬಾಗಿಲಲ್ಲಿದ್ದ ಯಾಸುಹಿರೊನ ಚೀಲ ಇಳಿಸಿ ಬೆಳಕಿಗೆ ಹಿಡಿದೆ.

ಇಷ್ಟು ದಿನ ಅದನ್ನು ನೋಡಿ ಹೆದರುತ್ತಿದ್ದೆ, ನೋಡಿರಲಿಲ್ಲ. ಬದಿ ಮತ್ತು ತಳದ ಹೊಲಿಗೆ ಕಸುಬಿನವರದು. ಚಿಕ್ಕ, ಸಮ ಹೊಲಿಗೆ, ಸಮವಸ್ತ್ರ ಹೊಲಿಯುವ ಕೈ. ಬಾಯಿಯ ಸುತ್ತ ಬೇರೆ ದಾರ, ಬೇರೆ ಕೈ. ಒಮ್ಮೆ ಹಾಕಿ, ನಂಬಿಕೆ ಸಾಲದೆ ಅದರ ಮೇಲೇ ಮತ್ತೆ, ಮತ್ತೊಮ್ಮೆ. ಹಿಡಿಯ ಬುಡದಲ್ಲಿ ದಾರ ಗಂಟುಗಂಟಾಗಿದೆ.

'ನಾನು ಹೊಲಿದೆ' ಎಂದು ಅತ್ತೆ ಒಂದು ದಿನವೂ ಹೇಳಿರಲಿಲ್ಲ ಎಂಬುದು ಈಗ ನೆನಪಾಗುತ್ತಿದೆ. ಹೇಳಿದ್ದು ಯಾಸುಹಿರೊ. ಅದನ್ನು ಅಳತೆಗೋಲು ಮಾಡಿಕೊಂಡವಳು ನಾನು.

ಯಾರಿಗೂ ಹೇಳುವುದಿಲ್ಲ.

ಮಾರ್ಚ್ 15

ರಿತ್ಸುವಿಗೆ ಎರಡನೇ ಹಲ್ಲು. ಬುಟ್ಟಿಯ ಅಂಚೆಲ್ಲ ಕಚ್ಚಿದ್ದಾನೆ.

ಮೇಡಂ ಹತ್ತಿರ ಹೋಗುವ ಮೊದಲು ನನ್ನ ವರ್ಷವನ್ನು ನೆನೆಸಿಕೊಂಡೆ. ಜನವರಿಯಿಂದ ಮಾರ್ಚಿನವರೆಗೆ ಈ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್ ಬಂತೆಂದರೆ ಮಷೀನಿಗೆ ಹೊದಿಕೆ. ಆಮೇಲೆ ನಾನು ಮಾಡುವುದು ಫೋಟೋ ತೆಗೆಯುವುದು, ಪುಟದ ಬಣ್ಣ ಬದಲಿಸುವುದು, ಯಾರಾದರೂ ಬರೆದಿದ್ದಾರೆಯೇ ಎಂದು ಪದೇ ಪದೇ ಇಣುಕುವುದು. ಒಂದು ಚಳಿಗಾಲದ ಕೆಲಸವನ್ನು ಎಳೆದು ಎಳೆದು ಇಡೀ ವರ್ಷದ ಮೇಲೆ ಹೊದಿಸಿದ್ದೇನೆ. ಕಾಲು ಮುಚ್ಚಿದರೆ ಹೆಗಲು ಬಯಲು.

ಇದನ್ನು ಬರೆದರೆ ಎದೆ ಒಡೆಯುತ್ತದೆ ಎಂದುಕೊಂಡಿದ್ದೆ. ಅಕ್ಕಿ ತೊಳೆದಿಟ್ಟು ಬಂದೆ.

ಮಾರ್ಚ್ 19

ಮೇಡಂ ಅದೇ ಕುರ್ಚಿಯಲ್ಲಿದ್ದರು. ಪ್ರಶ್ನೆ ಕೇಳುವ ಮೊದಲೇ ಹೇಳಿದೆ: "ಹೊಲಿಯೋಕೆ ಬಾರದ ತಾಯಿ ತಂದೇರು ಕೊನೇ ಹೊಲಿಗೆ ತಾವೇ ಹಾಕೋ ಹಾಗೆ, ಅದಕ್ಕೆ ಮುಂಚಿನದನ್ನೆಲ್ಲ ಹೊಲಿದಿಡ್ತೀನಿ. ಚಳಿಗಾಲದಲ್ಲಿ ಮಾತ್ರ."

"ಉಳಿದ ದಿನ?"

ಕಂಪನಿಗೆ ಹೂಂ ಅಂದೆ ಎಂದೆ. ಬೆಳಗ್ಗೆಯೇ ಕುನಿತೊಮಿಯವರಿಗೆ ಫೋನು ಮಾಡಿದ್ದೆ. ಚಳಿಗಾಲದಲ್ಲಿ ಕಂಪನಿಗೆ ಹೋಗದ ದಿನಗಳಲ್ಲಿ ಮಷೀನಿನ ಹೊದಿಕೆ ತೆಗೆಯುತ್ತೇನೆ. ಬಾಯಿಯನ್ನು ಬೇರೆಯವರು ಹೊಲಿಯುವುದರಿಂದ ಕೆಲಸವೂ ಬೇಗ ಮುಗಿಯುತ್ತದೆ.

ಮೇಡಂ ನನ್ನ ಮುಖ ನೋಡಿದರು. "ಸೋತೆ ಅನ್ಸುತ್ತಾ?"

ಒಳಗೆಲ್ಲ ಹುಡುಕಿದೆ, ಬೀಗದಕೈ ಹುಡುಕುವ ಹಾಗೆ. ಸಿಗಲಿಲ್ಲ. ಹಾಗೇ ಹೇಳಿದೆ. ಅವರು ನಕ್ಕು ನನಗೂ ಚಹಾ ಹಾಕಿದರು. ಅದರಲ್ಲಿ ಹುರಿದ ಅಕ್ಕಿಯ ವಾಸನೆ. ಹೋದ ಸಲವೂ ಇದೇ ಚಹಾ ಇತ್ತಂತೆ.

ಏಪ್ರಿಲ್ 9

ಎಷ್ಟೋ ದಿನ ಬರೆದಿಲ್ಲ. ಕೆಲಸ, ರಿತ್ಸುವಿಗೆ ಹೊಸ ಜಾಗ, ಕೊಹಾರುವಿಗೆ ಶೀತ. ನಾಳೆ ಶಿಶುವಿಹಾರಕ್ಕೆ ಸೇರುವ ಸಮಾರಂಭ.

ಸಂಜೆ ಅತ್ತೆ ಶುಭಕ್ಕೆಂದು ಕೆಂಪು ಅವರೆಯ ಅನ್ನ ತಂದರು. ಹಳದಿ ಚೀಲ ಮಷೀನಿನ ಮೇಲಿತ್ತು, ಬಾಯಿಯೊಂದು ಬಾಕಿ. ಮೊದಲೇ ಯೋಚಿಸಿದ್ದಲ್ಲ, ಬಾಯಿಂದ ಬಂದುಬಿಟ್ಟಿತು:

"ಅತ್ತೆ, ಬಾಯಿ ನೀವು ಹೊಲಿದುಕೊಡ್ತೀರಾ?"

ಅತ್ತೆ ಚೀಲ ನೋಡಿದರು. ಬಾಗಿಲಲ್ಲಿದ್ದ ನೀಲಿ ಚೀಲ ನೋಡಿದರು. ನನ್ನನ್ನು ನೋಡಿದರು.

"ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು."

"ಹಿಂದಿನ ಬೀದಿಯ ಓಕಾನೊ ಅಂತ, ಕಂಪನಿ ಸಮವಸ್ತ್ರ ಮನೇಲೇ ಹೊಲೀತಿದ್ದಳು. ಅಕ್ಕಿ ಕೊಟ್ಟು ಮಾಡಿಸ್ಕೊಂಡೆ. ಎಲ್ಲಾ ಅವಳೇ ಮುಗಿಸ್ತಿದ್ದಳು, ಬಾಯಿ ಹೊಲಿಯೋದು ಮಾತ್ರ ನನಗೆ ಬಿಡು ಅಂತ ನಾನೇ ಬೇಡ್ಕೊಂಡೆ." ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ಒರೆಸಿದರು. "ಅವನು 'ಅಮ್ಮ ಹೊಲಿದದ್ದು' ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದ. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ತಡ ಆಗ್ಹೋಯ್ತು."

ಕಾಲೊತ್ತು ತುಳಿದರು. ಮಷೀನು ಓಡಿತು, ನಿಂತಿತು, ಓಡಿತು. ಒಂದು ಸುತ್ತು ಆದ ಮೇಲೆ ಅದರ ಮೇಲೇ ಇನ್ನೊಂದು, ಮತ್ತೂ ಒಂದು. ಕೊಹಾರು ಅವರ ಮೊಣಕೈ ಪಕ್ಕ ನಿಂತು, ಅಜ್ಜೀ ದಾರಿ ತಪ್ಪಿದೆ, ಅಜ್ಜೀ ಈ ಕಡೆ ಎಂದು ಹೇಳುತ್ತಲೇ ಇದ್ದಳು. ಯಾಸುಹಿರೊ ಬಂದು ಬಾಗಿಲಲ್ಲಿ ನಿಂತ. ಏನು ನಡೆಯುತ್ತಿದೆ ಎಂದು ನನ್ನ ಕಡೆ ಹುಬ್ಬೇರಿಸಿದ. ಸ್ನಾನಕ್ಕೆ ನೀರು ಬಿಡು ಎಂದೆ.

ಏಪ್ರಿಲ್ 10

ಚೆರ್ರಿ ಹೂವು ಮುಗಿದೇ ಹೋಗಿದೆ, ಮಕ್ಕಳ ಟೋಪಿಯ ಮೇಲೆ ಅಲ್ಲೊಂದು ಇಲ್ಲೊಂದು ಎಸಳು. ಇವಾಟಾನಿ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದಳು. ಕೊಹಾರುವಿನ ಚೀಲದ ಬಾಯಿ ನೋಡಿದಳು, ನನ್ನನ್ನು ನೋಡಿದಳು, ಮಾಸ್ಕಿನೊಳಗೇ ನಗಲು ಶುರು ಮಾಡಿದಳು. ಇಡೀ ಸಾಲಿನಲ್ಲಿ ಅತಿ ಸೊಟ್ಟ ಬಾಯಿ ಯಾವುದೆಂದರೆ, ಚೀಲ ಹೊಲಿದು ಮಾರುವವಳ ಮಗಳ ಚೀಲದ್ದೇ.

ಟೀಚರು ಬಗ್ಗಿ, "ಅಮ್ಮ ಹೊಲಿದುಕೊಟ್ಟ ಚೀಲಾನಾ ಪುಟ್ಟಿ?" ಎಂದು ಕೇಳಿದರು.

"ಅಲ್ಲ. ಹೊಟ್ಟೆ ಅಮ್ಮಂದು. ಬಾಯಿ ಅಜ್ಜೀದು" ಎಂದಳು ಕೊಹಾರು, ಎಲ್ಲರಿಗೂ ಕೇಳುವ ಹಾಗೆ.

ನನ್ನ ಹಿಂದೆ, ಒಳ್ಳೆಯ ಕಿಮೊನೊ ಉಟ್ಟು ನಿಂತಿದ್ದ ಅತ್ತೆ ಎಲ್ಲಿ ಮುಖ ಮುಚ್ಚಿಕೊಳ್ಳುತ್ತಾರೋ ಎಂದು ತಿರುಗಿದೆ. ಅವರು ಒಂದು ಹೆಜ್ಜೆ ಮುಂದೆ ಬಂದು, ಟೀಚರಿಗೆ ನಡುಬಗ್ಗಿಸಿ ವಂದಿಸಿದರು.

"ಹೌದು. ಬಾಯಿ ನಂದು" ಎಂದರು.

ಇನ್ನೂ ಏನೋ ಬರೆಯುವುದಿತ್ತು. ನಿದ್ದೆ ಬರುತ್ತಿದೆ.